ಮೂರನೆಯ ಫರಸಿಯ ಮೇಲೆ ಅಣ್ಣ

ಜಗತ್ತಿಗೆಲ್ಲ ಕೊರೋನಾದ ಹೆದರಿಕೆ ಹತ್ತಿದ್ದು ಮೊನ್ನೆ ಮೊನ್ನೆ. ನಮ್ಮಣ್ಣನಿಗೆ ಅದು ಹುಟ್ಟಿದಾಗಲೇ ಹತ್ತಿತ್ತು! ಆ ರೋಗಕ್ಕೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ, ಇವನು ಆಗಲೇ ಕೈ ತೊಳೆದುಕೊಂಡು ಕಾಯುತ್ತ ಕೂತಿದ್ದ. ಟೀವಿಯಲ್ಲಿ ಮೊದಲ ಸುದ್ದಿ ಬಂದ ದಿನ ಊರಿಗೆ ಊರೇ ಗಾಬರಿಯಾದರೆ, ನಮ್ಮಣ್ಣ ನನಗೆ ಫೋನು ಹಚ್ಚಿ, ಎಲೆಕ್ಷನ್ ಗೆದ್ದವನ ದನಿಯಲ್ಲಿ, "ನಾ ಹೇಳಿದ್ದಿಲ್ಲೇನು?" ಅಂದ.

"ಏನು ಹೇಳಿದ್ದೋ?"

"ರೋಗ ಎಲ್ಲಾ ಕೈಯಿಂದೇ ಬರ್ತಾವ ಅಂತ ಸಣ್ಣಾಂವ ಇದ್ದಾಗಿಂದ ಹೇಳ್ಲಿಕತ್ತೀನಿ. ಯಾರು ಕೇಳಿದ್ರಿ? ಈಗ ಎಲ್ಲಾರೂ ಕೇಳ್ರಿ!"

ಹುಟ್ಟಿದಾಗಲೇ ಅಂದೆನಲ್ಲ, ಅದು ಸ್ವಲ್ಪ ಹೆಚ್ಚಾಯಿತು. ನಾವು ಕಾಳಗಿಯವರು. ಅಪ್ಪ ಮೊದಲೇ ಇರಲಿಲ್ಲ. ಅವ್ವ ಮೂರು ದಿನದ ಜ್ವರದಲ್ಲಿ ಹೋದಳು. ಆಗ ಅಣ್ಣನಿಗೆ ಹತ್ತು ವರ್ಷ, ನನಗೆ ನಾಲ್ಕು. ಅವನು ಕೈ ತೊಳೆಯಲು ಶುರು ಮಾಡಿದ್ದು ಆ ವಾರದಿಂದ ಅಂತ ನಮ್ಮನ್ನು ಸಾಕಿದ ಸೋದರತ್ತೆ ಹೇಳುತ್ತಿದ್ದಳು. ನನಗೆ ನೆನಪಿಲ್ಲ. ನನಗೆ ನೆನಪಿರುವುದು ಅವನು ಶಾಲೆಗೆ ಪಾಟಿಯ ಜೊತೆ ಸ್ವಂತ ತಂಬಿಗೆ ಒಯ್ಯುತ್ತಿದ್ದದ್ದು. ಮನೆಗೆ ಬಂದ ಬೀಗರು ಸೀನಿದರೆ ತಾಟು ಎತ್ತಿಕೊಂಡು ಮಾಳಿಗೆ ಹತ್ತಿ ಒಬ್ಬನೇ ಕೂತು ಉಣ್ಣುತ್ತಿದ್ದದ್ದು. ಅವನು ಹತ್ತು ಪಾಸಾದ. ನಾನು ಏಳಕ್ಕೇ ಶಾಲೆ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಭಾಗಾಕಾರ ನನ್ನನ್ನು ಬಿಡಿಸಿತು ಅನ್ನಬೇಕು.

ಇಂಥವನಿಗೆ ಹೆಣ್ಣು ನೋಡುವುದು ಹೇಗಿರುತ್ತದೆ, ನೀವೇ ಊಹಿಸಿ. ಮೊದಲು ಚಿಂಚೋಳಿ ಕಡೆ ಹೋದ. ಮಾವಿನ ತೋಪಿನ ನಡುವೆ ಛಲೋ ಮನೆ, ಹುಡುಗಿ ಲಕ್ಷಣವಾಗಿದ್ದಳಂತೆ. ಮರುದಿನ ನಾನು ಕೇಳಿದೆ.

"ಹೆಂಗಿದ್ಲೋ ಹುಡುಗಿ?"

"ಹುಡುಗಿ ಭಾಳ ಛಲೋ ಅದಾಳ. ಆದ್ರ ಕುಡಿಯೋ ನೀರಿನ ಕೊಡಕ್ಕ ಮುಚ್ಚಳ ಇಲ್ಲ."

"ನೀ ಹುಡುಗಿ ನೋಡ್ಲಿಕ್ಕ ಹೋಗಿದ್ಯೋ, ಕೊಡಾ ನೋಡ್ಲಿಕ್ಕ ಹೋಗಿದ್ಯೋ?"

"ಮದುವಿ ಒಂದಿನ ತಂಗೀ. ನೀರು ದಿನಾ ಕುಡೀಬೇಕು."

ಎರಡನೆಯದು ಸೇಡಂನಲ್ಲಿ. ಅಲ್ಲಿ ಕೊಡಕ್ಕೆ ಮುಚ್ಚಳವಿತ್ತು. ಮುಚ್ಚಳದ ಮೇಲೊಂದು ಬಟ್ಟೆಯೂ ಇತ್ತು. ಆದರೆ ಉಪ್ಪಿಟ್ಟು ಕೊಡುವಾಗ ಹುಡುಗಿಯ ಅಪ್ಪ ಮೂರು ಸಲ ಕೆಮ್ಮಿದರು. "ಒಂದು ಸಲ ಕೆಮ್ಮಿದ್ರ ನಾಚಿಕಿ. ಎರಡು ಸಲ ಕೆಮ್ಮಿದ್ರ ಒಗ್ಗರಣಿ ಘಾಟು. ಮೂರು ಸಲ ಅಂದ್ರ ಏನು ತಿಳೀಬೇಕು?" ಅಂತ ಎದ್ದು ಬಂದ. ಮೂರನೆಯ ಮನೆಗೆ ಅವನನ್ನು ಕರೆದೊಯ್ಯುವ ಧೈರ್ಯ ಯಾರಿಗೂ ಬರಲಿಲ್ಲ. ಈಗ ಅವನ ಕ್ವಾರ್ಟರ್ಸಿನಲ್ಲಿ ನಾಲ್ಕು ಕೊಡಗಳಿವೆ, ನಾಲ್ಕಕ್ಕೂ ಮುಚ್ಚಳವಿದೆ, ಕುಡಿಯುವವನು ಮಾತ್ರ ಅವನೊಬ್ಬನೇ.

ಕ್ವಾರ್ಟರ್ಸು ಅಂದರೆ ಜೈಲಿನದು. ಹೌದು, ಇಂಥ ಮನುಷ್ಯ ಜೈಲಿನ ವಾರ್ಡರ್! ಯಾವ ಊರಿನ ಜೈಲು ಅಂತ ಬರೆಯುವುದಿಲ್ಲ. ಬರೆದರೆ "ಡಿಪಾರ್ಟ್‌ಮೆಂಟ್ ಗುಟ್ಟು ಹೊರಗ ಹಾಕ್ದಿ" ಅಂತ ಜಗಳಕ್ಕೆ ಬರುತ್ತಾನೆ. ಬೀದಿಯಲ್ಲಿ ನಡೆಯಲು ಹೆದರುವವನು ತುರಿಕೆ, ಕ್ಷಯ, ಕೆಮ್ಮು ಎಲ್ಲ ಒಂದೇ ಸೂರಿನಡಿ ಇರುವ ಜೈಲಿಗೆ ಹೇಗೆ ಸೇರಿದ? ಮದುವೆಯಾಗಿ ವಾಡಿಗೆ ಬಂದ ಮೇಲೆ ನಾನೂ ಕೇಳಿದ್ದೆ. ಅವನ ಉತ್ತರ ಕೇಳಿ. "ಜೇಲಿನ್ಯಾಗ ಯಾರು ಬಂದ್ರು, ಯಾರು ಹೋದ್ರು, ಯಾರಿಗೆ ಏನು ಜಡ್ಡು, ಎಲ್ಲಾ ಬರದಿಟ್ಟಿರ್ತಾರ. ನಿಮ್ಮ ವಾಡಿ ಸ್ಟೇಷನ್ನಿನ್ಯಾಗ ಯಾರು ಬರದಿಟ್ಟಾರ?"

ಏನು ಹೇಳುತ್ತೀರಿ ಇದಕ್ಕೆ?

ಅವನ ಕೆಲಸ ಗೇಟಿನಲ್ಲಿ. ಜೈಲಿಗೆ ಒಂದರ ಹಿಂದೆ ಒಂದು ಎರಡು ಬಾಗಿಲು. ಒಂದು ತೆರೆದಿದ್ದಾಗ ಇನ್ನೊಂದನ್ನು ತೆರೆಯುವಂತಿಲ್ಲ. ಹೊರಗೆ ನಿಂತವರು ಸಾಹೇಬರೇ ಆಗಿರಲಿ, ಒಳಗಿನವನು ಕಿಂಡಿಯಲ್ಲಿ ಮುಖ ನೋಡಿ "ಬರ್ರಿ" ಅನ್ನುವವರೆಗೆ ಅಲ್ಲೇ ನಿಲ್ಲಬೇಕು. ಇದು ಜೈಲಿಗೆ ಸರಿ. ನಮ್ಮಣ್ಣ ಇದನ್ನು ತಂಗಿಯ ಮನೆಗೂ ತಂದ! ವಾಡಿಯಲ್ಲಿ ನಮ್ಮ ಮನೆಯ ಬಾಗಿಲು ಹಾರುಹೊಡೆದಿದ್ದರೂ ಅಂಗಳದಲ್ಲಿ ನಿಂತು ಕರೆಯುವುದನ್ನು ಕಾಯುತ್ತಾನೆ. ಒಂದು ಸಲ ನಾನು ಗಿರಣಿಗೆ ಹಿಟ್ಟು ಬೀಸಿಸಲು ಹೋಗಿದ್ದೆ, ನಮ್ಮ ಮನೆಯವರು ಒಳಗೆ ಮಲಗಿದ್ದರು. ನಾನು ಬಂದು ನೋಡಿದರೆ ಅಣ್ಣ ಏಪ್ರಿಲ್ ಬಿಸಿಲಲ್ಲಿ, ತಲೆಯ ಮೇಲೆ ಟವೆಲ್ ಹಾಕಿಕೊಂಡು, ತೆರೆದ ಬಾಗಿಲ ಮುಂದೆ ಕಂಬದಂತೆ ನಿಂತಿದ್ದಾನೆ.

"ತಂಗಿ ಮನಿಗೆ ಬರ್ಲಿಕ್ಕ ಕರೀಬೇಕೇನೋ ನಿನಗ?"

"ಮನಿ ಯಾರದಾದ್ರೂ ಆಗ್ಲಿ, ಬಾಗಿಲ ಒಳಗಿದ್ದೋರದು."

"ಒಳಗ ಬಾರೋ ಮಾರಾಯಾ!"

ಅಂದ ಮೇಲೆ ಬಂದ. ಒಳಗೆ ಎದ್ದು ಕೂತಿದ್ದ ನಮ್ಮ ಮನೆಯವರು, "ನಿಮ್ಮಣ್ಣ ಸ್ವರ್ಗದ ಬಾಗಿಲಾಗೂ ಹಿಂಗೇ ನಿಂದ್ರತಾನ ನೋಡು, ದೇವರು ಮಲಗಿದ್ರ ಮುಗೀತು" ಅಂತ ನಕ್ಕರು. ನಾನೂ ನಕ್ಕೆ.

ಇಂಥವನ ಕೈಗೆ ಕೊರೋನಾ ಸಿಕ್ಕರೆ ಬಿಡುತ್ತಾನೆಯೇ? ದಿನಕ್ಕೆ ಮೂರು ಫೋನು. ಬೆಳಿಗ್ಗೆ ಕಷಾಯ ಆಯಿತೇ, ಮಧ್ಯಾಹ್ನ ಹಬೆ ತಗೊಂಡಿರಾ, ಸಂಜೆ ಅರಿಶಿನದ ಹಾಲು. "ಆರು ಅಡಿ ದೂರ ಇರ್ರಿ" ಅಂತ ಸರಕಾರ ಹೇಳಿದಾಗ ಎಲ್ಲರೂ ಅಂದಾಜಿನಲ್ಲಿ ನಿಂತರು, ನಮ್ಮಣ್ಣ ಅಳತೆಯಲ್ಲಿ ನಿಂತ. ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದಿನ ಕಲ್ಲು ಹಾಸಿರುತ್ತದೆ, ಅದಕ್ಕೆ ಫರಸಿ ಅನ್ನುತ್ತೇವೆ. ನಮ್ಮ ಮನೆಯವರು ಶಹಾಬಾದಿನಲ್ಲಿ ಫರಸಿಗೆ ಪಾಲಿಶ್ ಮಾಡುವ ಕೆಲಸಕ್ಕೇ ಹೋಗುವವರು. ನಮ್ಮ ಅಂಗಳದ ಕಲ್ಲುಗಳನ್ನು ಅವರೇ ಆರಿಸಿ ಹಾಸಿದ್ದು. ಒಂದೊಂದು ಎರಡಡಿ. "ಮೂರು ಫರಸಿ ಅಂದ್ರ ಆರು ಅಡಿ. ದೇವರೇ ಹಾಸಿಟ್ಟಾನ ನೋಡು!" ಅಂತ ಅಣ್ಣನಿಗೆ ಆನಂದ. ಹಾಸಿದವರು ಪಕ್ಕದಲ್ಲೇ ನಿಂತು ಮುಖ ಸಣ್ಣ ಮಾಡಿದರು.

ನಾನು ಮನೆಯಲ್ಲಿ ಹೊಲಿಗೆ ಹಾಕುತ್ತೇನೆ. ಆಗ ರವಿಕೆ ಹೊಲಿಸುವವರಿಲ್ಲ, ಬರೀ ಮಾಸ್ಕು. ಅಣ್ಣನೂ ಹತ್ತು ಒಯ್ದ. ಮರುದಿನವೇ ಫೋನು. "ನಮ್ಮ ಒಳಗ ಒಬ್ಬಾಂವ ಟೇಲರ್ ಮಾಸ್ತರ್ ಅದಾನ. ನಿನ್ನ ಮಾಸ್ಕ್ ನೋಡಿ, ನಿರಿಗಿ ಉಲ್ಟಾ ಬಿದ್ದಾವ ಅಂದ. ನಿರಿಗಿ ಬಾಯಿ ಕೆಳಗ ನೋಡಬೇಕಂತ, ಇಲ್ಲಂದ್ರ ಧೂಳಾ ಕೂಡ್ತದಂತ." ಜೈಲಿನೊಳಗಿಂದ ಒಬ್ಬ ಕೈದಿ ನನ್ನ ಹೊಲಿಗೆಯಲ್ಲಿ ತಪ್ಪು ಹಿಡಿದಿದ್ದ! ಸಿಟ್ಟು ಬಂತು. ಆದರೆ ನೋಡಿದರೆ ಅವನು ಹೇಳಿದ್ದೇ ಸರಿ. ಅವತ್ತಿನಿಂದ ವಾಡಿಯ ಅರ್ಧ ಊರು ಆ ಮಾಸ್ತರನ ನಿರಿಗೆಯ ಮಾಸ್ಕನ್ನೇ ಹಾಕಿಕೊಂಡು ಓಡಾಡಿತು.

ಆಮೇಲೆ ಜ್ವರ ನೋಡುವ ಪಿಸ್ತೂಲಿನಂಥ ಯಂತ್ರ ಬಂತು. ಗೇಟಿನಲ್ಲಿ ನಿಂತು ಬಂದವರ ಹಣೆಗೆ ಹಿಡಿಯುವ ಕೆಲಸ ಅಣ್ಣನದು. ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಮಧ್ಯಾಹ್ನ ನಡೆದು ಬಂದವರ ಹಣೆಯ ಮೇಲೆ ರೊಟ್ಟಿ ಸುಡಬಹುದು. ಪಾಳಿಗೆ ಬಂದವರಿಗೆಲ್ಲ ಜ್ವರ ತೋರಿಸಿತು! ಅಣ್ಣ ಒಬ್ಬರನ್ನೂ ಒಳಗೆ ಬಿಡದೆ, ಎಲ್ಲರನ್ನೂ ಬೇವಿನ ಗಿಡದ ನೆರಳಲ್ಲಿ ದೂರ ದೂರ ಕೂರಿಸಿ, ಅರ್ಧ ಗಂಟೆಗೊಮ್ಮೆ ಹಣೆ ನೋಡಿದನಂತೆ. ಕೊನೆಗೆ ಯಂತ್ರದ ಮೇಲೇ ಅನುಮಾನ ಬಂದು ತನ್ನ ಹಣೆಗೆ ಹಿಡಿದುಕೊಂಡ. ಅವನಿಗೂ ಜ್ವರ! ತಾನೂ ಹೋಗಿ ಗಿಡದ ಕೆಳಗೆ ಕೂತ.

ಈ ಕಥೆ ನನಗೆ ಹೇಳಿದ್ದು ಅವನ ಜೋಡಿ. ಅಣ್ಣನ ಜೊತೆ ಅದೇ ಗೇಟು ಕಾಯುತ್ತಿದ್ದ ಇನ್ನೊಬ್ಬ ವಾರ್ಡರ್‌ಗೆ ಅಣ್ಣ "ನನ್ನ ಜೋಡಿ" ಅನ್ನುತ್ತಿದ್ದ. ಭಾಳ ನಗುವ ಮನುಷ್ಯ. ಅಣ್ಣನ ಫೋನು ಕಸಿದುಕೊಂಡು, "ಅಕ್ಕಾರ, ನಿಮ್ಮಣ್ಣ ನನಗ ಸೀನ್ಲಿಕ್ಕೂ ಬಿಡವಲ್ಲ ನೋಡ್ರಿ. ಸೀನು ಬಂದ್ರ ಗ್ವಾಡಿ ಕಡಿ ಮಾರಿ ಮಾಡಿ ನಿಂದ್ರಸ್ತಾನ" ಅಂತ ದೂರು ಹೇಳುತ್ತಿದ್ದ. ಅಣ್ಣನನ್ನು ಎದುರಿಗೇ ಆಡಿಕೊಂಡು, ಆಮೇಲೂ ಅವನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಮನುಷ್ಯ ಇಡೀ ಜಗತ್ತಿನಲ್ಲಿ ಅವನೊಬ್ಬನೇ ಇದ್ದ ಅಂತ ಕಾಣುತ್ತದೆ.

ಆ ಇಬ್ಬರ ನಡುವೆ ದೊಡ್ಡ ಚಿಂತೆಯೆಂದರೆ ಗೇಟಿನ ಕೀಲಿಕೈ. ಅಂಗೈಯಷ್ಟು ಉದ್ದದ ಕಬ್ಬಿಣದ ಕೀಲಿ, ಪಾಳಿ ಬದಲಾದಾಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲೇಬೇಕು. ಅದನ್ನು ಆರು ಅಡಿ ದೂರದಿಂದ ಎಸೆಯುವಂತಿಲ್ಲ. ಅಣ್ಣ ನನ್ನಿಂದ ಏನು ಹೊಲಿಸಿದ ಗೊತ್ತೇ? ಕೀಲಿಕೈಗೆ ಅಂಗಿ! ಹಿಡಿಯುವ ಕಡೆಗೆ ತೊಡಿಸುವ ಸಣ್ಣ ಚೀಲ, ಕೊರಳಿಗೆ ಲಾಡಿ. ಅಣ್ಣನ ಪಾಳಿಗೆ ನೀಲಿ ಅಂಗಿ, ಜೋಡಿಯ ಪಾಳಿಗೆ ಕೆಂಪು ಅಂಗಿ. ಪಾಳಿ ಮುಗಿದಾಗ ತಮ್ಮ ಅಂಗಿ ಬಿಚ್ಚಿ, ಕುದಿಯುವ ನೀರಿನಲ್ಲಿ ಹಾಕಿ ಒಣಗಿಸುವುದು. ಕೀಲಿಕೈ ದಿನಕ್ಕೆ ಎರಡು ಸಲ ಅಂಗಿ ಬದಲಿಸುತ್ತಿತ್ತು; ನನ್ನ ಮಗಳಿಗೂ ಆ ವೈಭವ ಇರಲಿಲ್ಲ. "ಕೆಂಪದಕ್ಕ ಒಂದು ಕಿಸೆ ಹಚ್ಚ್ರಿ ಅಕ್ಕಾರ, ಕೀಲಿಗೆ ಎಲಿ ಅಡಿಕಿ ಇಟ್ಕೊಳ್ಲಿಕ್ಕ ಬರ್ತದ" ಅಂದಿದ್ದ ಆ ಜೋಡಿ. ಖರೆ ಹೇಳುತ್ತೇನೆ, ನಾನು ಒಂದು ಸಣ್ಣ ಕಿಸೆ ಹಚ್ಚಿಯೂ ಕಳಿಸಿದೆ.

ಆಗ ಅವರಿಗೆ ಎರಡು ವಾರ ಜೈಲಿನೊಳಗೇ ಇದ್ದು ಕೆಲಸ, ಎರಡು ವಾರ ಹೊರಗೆ. ಹೊರಗೆ ಬಂದಾಗ ಅಣ್ಣ ಸ್ಕೂಟರ್ ಮೇಲೆ ಚಿತ್ತಾಪುರ ದಾಟಿ ನಮ್ಮಲ್ಲಿಗೆ ಬರುತ್ತಿದ್ದ. ಬಂದು ಮೂರನೆಯ ಫರಸಿಯ ಮೇಲೆ, ತಾನೇ ತಂದ ಸ್ಟೂಲಿನ ಮೇಲೆ ಕೂರುತ್ತಿದ್ದ. ಕೈದಿಗಳನ್ನು ಮನೆಯವರು ಬಂದು ನೋಡುವುದಕ್ಕೆ ಮುಲಾಖತ್ ಅನ್ನುತ್ತಾರೆ. ಆ ದಿನಗಳಲ್ಲಿ ಜೈಲಿನ ಮುಲಾಖತ್ ಎಲ್ಲ ಬಂದ್ ಆಗಿತ್ತು. ನಮ್ಮ ಅಂಗಳದ್ದು ಮಾತ್ರ ಚಾಲೂ ಇತ್ತು! ನಾನು ಬಾಗಿಲಲ್ಲಿ, ಅವನು ಮೂರನೆಯ ಫರಸಿಯಲ್ಲಿ. ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷಕ್ಕೆ ಜೇಬಿನಿಂದ ಸೀಟಿ ತೆಗೆದು ಊದಿ, ಎದ್ದು ಹೊರಡುತ್ತಿದ್ದ. ಎದುರು ಮನೆಯ ಕಾಶವ್ವ ಸೆರಗು ಬಾಯಿಗಿಟ್ಟುಕೊಂಡು, "ಯವ್ವಾ, ನಿಮ್ಮಿಬ್ಬರೊಳಗ ಕೈದಿ ಯಾರು?" ಅಂತ ಕೇಳುತ್ತಿದ್ದಳು.

ಪ್ರತಿ ಸಲ ನಾನು "ಒಳಗ ಬಾರೋ ಯಣ್ಣಾ" ಅನ್ನುತ್ತಿದ್ದೆ. ಪ್ರತಿ ಸಲ ಅವನು "ಬರಂಗಿಲ್ಲ" ಅನ್ನುತ್ತಿದ್ದ.

"ಬರಂಗಿಲ್ಲಂದ್ರ ನಾನ್ಯಾಕ ಕರೀಲಿ ಮತ್ತ?"

"ನಾ ಬರಂಗಿಲ್ಲ. ಆದ್ರೂ ನೀ ಕರಿ. ಕರದ್ರ ಛಲೋ ಅನಸ್ತದ."

ಅದಕ್ಕೂ ನಕ್ಕೆ. ಅವನು ಹೇಳಿದ್ದಕ್ಕೆಲ್ಲ ನಗುವುದು ಅಭ್ಯಾಸವಾಗಿಬಿಟ್ಟಿತ್ತು.

ಈಗ ನಗದೆ ಹೇಳಬೇಕಾದದ್ದು ಬಂತು.

ಆ ವರ್ಷದ ಪಂಚಮಿ. ನಮ್ಮ ಕಡೆ ಪಂಚಮಿ ಅಂದರೆ ಅಣ್ಣ ತಂಗಿಯರ ಹಬ್ಬ. ಹುತ್ತಕ್ಕೆ ಹೋಗುವಂತಿರಲಿಲ್ಲ, ಮನೆಯಲ್ಲೇ ಮಣ್ಣಿನ ನಾಗಪ್ಪನಿಗೆ ಹಾಲೆರೆದೆವು. ಹಾಲೆರೆಯುವಾಗ ಒಬ್ಬೊಬ್ಬರ ಪಾಲು ಹೆಸರು ಹಿಡಿದು ಹೇಳುತ್ತೇವೆ. ಅಪ್ಪನ ಪಾಲು, ಅವ್ವನ ಪಾಲು ಅಂತ ಎರೆದು, ಅಣ್ಣನ ಪಾಲಿಗೆ ಬಂದಾಗ ಎರಡು ಚಮಚೆ ಹೆಚ್ಚೇ ಎರೆದೆ. ಹಿಂದಿನ ವಾರ ಅವನು ಫೋನಿನಲ್ಲಿ, "ಪಂಚಮಿಗೆ ಟೆಸ್ಟ್ ಮಾಡಿಸ್ಕೊಂಡು ಬರ್ತೀನಿ. ರಿಪೋರ್ಟ್ ಛಲೋ ಬಂದ್ರ, ಈ ಸಲ ಕರದ್ರ ಒಳಗ ಬರ್ತೀನಿ" ಅಂದಿದ್ದ. ಶೇಂಗಾ ಉಂಡಿ, ಎಳ್ಳುಂಡಿ ಎರಡೂ ಕಟ್ಟಿಟ್ಟಿದ್ದೆ.

ಆದರೆ ಅದೇ ವಾರ ನಮ್ಮ ಹಿಂದಿನ ಓಣಿಯಲ್ಲಿ ಒಂದು ಮನೆಗೆ ರೋಗ ಬಂದು, ಓಣಿಯ ಬಾಯಿಗೆ ತಗಡು ಬಡಿದಿದ್ದರು. ಆ ಮನೆಯ ಹೆಂಗಸು ಮಾಳಿಗೆಯ ಮೇಲೆ ನಿಂತು ಹಾಲು ಬೇಕೆಂದು ಕೂಗಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದನ್ನು ನಾನು ನೋಡಿದ್ದೆ. ನಾನೂ ತಿರುಗಿ ನೋಡದವರಲ್ಲಿ ಒಬ್ಬಳು.

ಮಧ್ಯಾಹ್ನ ಅಣ್ಣ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಸ್ಟೂಲ್ ತಂದಿರಲಿಲ್ಲ. ಮೂರನೆಯ ಫರಸಿಯ ಮೇಲೆ ನಿಂತು ಪ್ಲಾಸ್ಟಿಕ್ ಕವರಿನೊಳಗಿನ ಹಾಳೆಯನ್ನು ಎತ್ತಿ ತೋರಿಸಿದ.

"ನೆಗೆಟಿವ್ ಬಂದದ ತಂಗೀ!"

ಅಂದು, ಬಾಗಿಲನ್ನು ನೋಡುತ್ತ ನಿಂತ. ನಾನು ಕರೆಯುವುದನ್ನು ಕಾಯುತ್ತ.

ನಾನು ಬಾಯಿ ತೆರೆಯುವುದರೊಳಗೆ ಕಾಶವ್ವ ಎದುರಿನಿಂದ ಕೂಗಿದಳು. ಈ ಸಲ ಸೆರಗಿನ ಹಿಂದೆ ನಗು ಇರಲಿಲ್ಲ. "ಜೇಲಿನವರು ಬಂದಾರ ನೋಡವ್ವಾ. ಒಳಗ ಕರ್ಕೋತೀಯೇನು? ನಮ್ಮ ಓಣಿಗೂ ತಗಡು ಬಡಸ್ತೀಯೇನು?" ಇನ್ನೂ ಎರಡು ಮನೆಗಳ ಕಿಟಕಿಗಳು ತೆರೆದವು. ನಮ್ಮ ಮನೆಯವರ ಕೆಲಸ ಮತ್ತೆ ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ.

ಮುಂದೆ ಮಾಡಿದ್ದನ್ನು ನನ್ನ ಕೈ ಮಾಡಿತು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೈ ಅಲ್ಲ, ನಾನೇ. ಅರ್ಧ ತೆರೆದಿದ್ದ ಬಾಗಿಲು ಮುಚ್ಚಿ ಕೊಂಡಿ ಹಾಕಿದೆ. ಬಿದ್ದಿದೆಯೋ ಇಲ್ಲವೋ ಅಂತ ಜಗ್ಗಿಯೂ ನೋಡಿದೆ. ಆಮೇಲೆ ಮಗಳು ನಿಂತಿದ್ದ ಕಿಟಕಿಗೆ ಬಂದು, "ಯಣ್ಣಾ, ಇನ್ನ ಹದಿನಾಲ್ಕು ದಿನ ಹೋಗ್ಲಿ. ಹುಷಾರಿರಬೇಕಂತ ನೀನೇ ಹೇಳ್ತಿದ್ಯಲ್ಲ" ಅಂದೆ.

ಅವನ ಮಾತನ್ನೇ ಅವನ ಮುಖಕ್ಕೆ ಹಿಡಿದೆ.

ಅಣ್ಣ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ. ಆಮೇಲೆ ದೊಡ್ಡ ದನಿಯಲ್ಲಿ, "ಶಾಭಾಸ್! ಬರೋಬ್ಬರಿ ಮಾಡ್ದಿ!" ಅಂದ. ಕಿಟಕಿಯಲ್ಲಿದ್ದ ನನ್ನ ಮಗಳಿಗೆ, "ನೋಡವ್ವ, ನಿಮ್ಮವ್ವ ಎಷ್ಟು ಹುಷಾರ್ ಆಗ್ಯಾಳ. ಎಲ್ಲಾ ನಾ ಕಲಿಸಿದ್ದು!"

ಉಂಡಿಯ ಡಬ್ಬಿ ಕಿಟಕಿಯ ಸರಳುಗಳ ನಡುವೆ ಹಿಡಿಯಲಿಲ್ಲ. ಡಬ್ಬಿ ಕೊಡಬೇಕೆಂದರೆ ಬಾಗಿಲು ತೆಗೆಯಬೇಕು. ನಾನು ಉಂಡಿಗಳನ್ನು ಒಂದೊಂದಾಗಿ ಸರಳಿನ ಸಂದಿಯಿಂದ ಹೊರಗಿನ ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ. ಅವನು ಬಂದು ಕರವಸ್ತ್ರದಲ್ಲಿ ಕಟ್ಟಿಕೊಂಡ. ಹೋಗುವ ಮುಂಚೆ ಒಂದು ಪೊಟ್ಟಣ ಅಲ್ಲೇ ಇಟ್ಟ.

"ಕೀಲಿಕೈದು ಕೆಂಪು ಅಂಗಿ ಅದ. ಒಗದೀನಿ. ನಿನ್ನ ಹಂತೇಕೇ ಇರ್ಲಿ. ಇನ್ನ ನೀಲಿದು ಒಂದೇ ಸಾಕು."

ಯಾಕೆ ಒಂದೇ ಸಾಕು ಅಂತ ಕೇಳಬೇಕಲ್ಲವೇ? ನಾನು ಕೇಳಲಿಲ್ಲ. ಅವನು ಬೇಗ ಹೋದರೆ ಸಾಕಾಗಿತ್ತು. ಅವತ್ತು ಅವನು ಸೀಟಿಯನ್ನೂ ಊದಲಿಲ್ಲ.

ಸಂಜೆ ನಮ್ಮ ಮನೆಯವರು ಕೆಲಸದಿಂದ ಬಂದು, "ನಿಮ್ಮಣ್ಣ ಸ್ಟೇಷನ್ ಹೊರಗ ಬೇವಿನ ಗಿಡದ ಬುಡಕ ಕುಂತಾನಲ್ಲ, ಮನಿಗೆ ಬಂದಿದ್ದಿಲ್ಲೇನು?" ಅಂದರು. ಇವರು ಮಾತನಾಡಿಸಿದಾಗ ಅಣ್ಣ ಹೇಳಿದ್ದಿಷ್ಟು: ಜೋಡಿ ಹೋಗಿ ಐದು ದಿನವಾಯಿತು. ಮೂರು ದಿನದ ಜ್ವರ. ಕ್ವಾರ್ಟರ್ಸಿನಲ್ಲಿ ಗೋಡೆಯ ಆ ಕಡೆ ಅವನ ಮನೆ, ಈಗ ಬೀಗ. ಆ ಬೀಗ ನೋಡುತ್ತ ಅಲ್ಲಿ ಇರಲಿಕ್ಕೆ ಆಗುತ್ತಿಲ್ಲ. ಎರಡು ದಿನ ತಂಗಿಯ ಮನೆಯಲ್ಲಿರೋಣ ಅಂತ ಬಂದಿದ್ದೆ. "ಆದ್ರ ಅಕಿ ಹುಷಾರ್ ಇದ್ದಿದ್ದು ಛಲೋ ಆತು. ಅಕಿಗೇನೂ ಹೇಳಬ್ಯಾಡ್ರಿ."

ನಾನು ಫೋನು ಹಚ್ಚಿದೆ. ಅತ್ತ "ಹಲೋ, ತಂಗೀ?" ಅಂತ ಕೇಳಿಸಿತು. ಕಟ್ ಮಾಡಿದೆ. ಮರುದಿನ ಹಚ್ಚಿ, ಉಂಡಿ ಹೇಗಿದ್ದವು ಅಂತ ಕೇಳಿದೆ. ಭಾಳ ಛಲೋ ಇದ್ದವು ಅಂದ. ಜೋಡಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ರೋಗ ಹೋಯಿತು. ತಗಡು ಕಿತ್ತರು. ಮಾಸ್ಕಿನ ಬಟ್ಟೆಯಿಂದ ನಾನು ದಿಂಬಿನ ಚೀಲ ಹೊಲಿದೆ. ಕಾಶವ್ವ ಅಣ್ಣನನ್ನು ಕಂಡರೆ "ಬರ್ರಿ ಸಾಹೇಬ್ರ" ಅಂತ ಕಟ್ಟೆಗೆ ಕರೆದು ಚಹಾ ಕೊಡುತ್ತಾಳೆ, ಅವನು ತನ್ನ ಲೋಟದಲ್ಲಿ ಕುಡಿಯುತ್ತಾನೆ. ಆದರೆ ನಮ್ಮ ಮನೆಗೆ ಬಂದರೆ ಮಾತ್ರ ಮೂರನೆಯ ಫರಸಿಯೇ! ಅದೇ ಸ್ಟೂಲು, ಅದೇ ಹತ್ತು ನಿಮಿಷ, ಅದೇ ಸೀಟಿ. ಬಂದವರೆಲ್ಲ ಬೆರಗಾಗುತ್ತಾರೆ. "ಕೊರೋನಾ ಹೋಗಿ ಎಷ್ಟು ವರ್ಷ ಆತು, ಇಂವ ಇನ್ನೂ ಹೊರಗೇ ಕುಂದ್ರತಾನಲ್ಲ!" ಅನ್ನುತ್ತಾರೆ. ನಾನು ಅವರಿಗೆ ಮುಚ್ಚಳವಿಲ್ಲದ ಕೊಡದ ಕಥೆ ಹೇಳುತ್ತೇನೆ, ಮೂರು ಕೆಮ್ಮಿನ ಕಥೆ, ಜ್ವರದ ಪಿಸ್ತೂಲಿನ ಕಥೆ. ನಿಮಗೂ ಈಗಷ್ಟೇ ಹೇಳಿದೆನಲ್ಲ, ಹಾಗೆಯೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಣ್ಣನ ಹುಚ್ಚು ದೊಡ್ಡದಾದಷ್ಟೂ ನನ್ನ ಬಾಗಿಲಿನ ಕೊಂಡಿ ಸಣ್ಣದಾಗಿ ಕಾಣುತ್ತದೆ. ಅವನನ್ನು ಊರಿಗೆಲ್ಲ ನಗೆಯ ಮನುಷ್ಯನನ್ನಾಗಿ ಮಾಡಿ ನಾನು ಅದರ ಹಿಂದೆ ಅಡಗಿಕೊಂಡೆ. ಅವನು ಸಿಟ್ಟಿನಿಂದಲೇ ಹೊರಗೆ ಕೂರುತ್ತಾನೆ, ಕರೆದರೆ "ಬರಂಗಿಲ್ಲ" ಅನ್ನುತ್ತಾನೆ ಅಂತ ಹೆದರಿ, ಆ ದಿನದಿಂದ ಒಂದು ಸಲವೂ ಅವನನ್ನು ಒಳಗೆ ಕರೆದಿರಲಿಲ್ಲ. ಚಹಾವನ್ನು ತಂದು ಎರಡನೆಯ ಫರಸಿಯ ಮೇಲಿಡುವುದು ರೂಢಿಯಾಯಿತು.

ಈ ವರ್ಷದ ಪಂಚಮಿಯ ದಿನ ಮಗಳ ಗೆಳತಿಯೊಬ್ಬಳು ಉಂಡಿ ತಿನ್ನಲು ಬಂದಿದ್ದಳು. ಮಗಳು ಈಗ ಹೈಸ್ಕೂಲು. ಒಳಗೆ ಕೂತು ಹೆಮ್ಮೆಯಿಂದ ಹೇಳುತ್ತಿದ್ದಳು. "ನಮ್ಮವ್ವ ಭಾಳ ಹುಷಾರಿ. ಅವಾಗ ಸ್ವಂತ ಅಣ್ಣಗೂ ಬಾಗಿಲ ತೆಗೀಲಿಲ್ಲ ಗೊತ್ತದೇನು? ಮಾಮಾನೇ ಶಾಭಾಸ್ ಅಂದ!"

ಚಹಾ ಹಿಡಿದು ಹೊರಡುತ್ತಿದ್ದ ನನಗೆ ಅದು ಕೇಳಿಸಿತು. ಆ ಒಂದು ಶಾಭಾಸ್ ನನ್ನ ಮಗಳ ಬಾಯಲ್ಲಿ ಇಷ್ಟು ವರ್ಷ ಬದುಕಿತ್ತು.

ಹೊರಗೆ ಅಣ್ಣ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದ. ತಲೆ ಬೆಳ್ಳಗಾಗಿದೆ. ನಾನು ಚಹಾ ಕೆಳಗಿಡದೆ ನಿಂತೆ.

"ಯಣ್ಣಾ, ಒಂದು ಮಾತು ಹೇಳೂದದ."

"ಹೇಳು. ಇನ್ನ ನಾಕು ನಿಮಿಷ ಅದಾವ."

ಹೇಳಿದೆ. ಅವತ್ತು ಹುಷಾರಿಗಾಗಿ ಬಾಗಿಲು ಹಾಕಲಿಲ್ಲ. ನಿನ್ನ ರಿಪೋರ್ಟ್ ಕಂಡಿತ್ತು. ನಿನ್ನಿಂದ ರೋಗ ಬರುತ್ತದೆ ಅಂತ ಅಲ್ಲ, ಓಣಿಯವರು ಏನಂದಾರು ಅಂತ ಹೆದರಿ ಹಾಕಿದೆ. ಸಂಜೆಯೇ ಜೋಡಿಯ ವಿಷಯ ಗೊತ್ತಾಯಿತು, ಆದರೂ ಫೋನು ಕಟ್ ಮಾಡಿದೆ. ನಾಲ್ಕು ನಿಮಿಷ ಪೂರ್ತಿ ಬೇಕಾಗಲಿಲ್ಲ.

ಅಣ್ಣ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. "ಗೊತ್ತದ" ಅಂದ.

"ಏನು ಗೊತ್ತದ?"

"ಕೊಂಡಿ ಸಪ್ಪಳ ಕೇಳ್ತಲ್ಲ. ನನ್ನ ಜಲ್ಮ ಎಲ್ಲಾ ಕೊಂಡಿ ಹಾಕೂದು ತೆಗಿಯೂದ್ರಾಗ ಹೋಗ್ಯದ. ಕೆಲಸಕ್ಕ ಹಾಕೋರ ಸಪ್ಪಳ ಒಂದು ನಮೂನಿ, ಅಂಜಿ ಹಾಕೋರ ಸಪ್ಪಳ ಒಂದು ನಮೂನಿ. ಅಂಜಿದೋರು ಹಾಕಿದ ಮ್ಯಾಲ ಜಗ್ಗಿ ನೋಡ್ತಾರ. ನೀ ಜಗ್ಗಿದ್ದಿ."

"ಮತ್ತ ಶಾಭಾಸ್ ಯಾಕಂದಿ?"

"ಪೋರಿ ಕಿಟಕ್ಯಾಗ ನಿಂತಿದ್ಲು. ತನ್ನವ್ವ ಅಂಜಿದ್ಲು ಅಂತ ಅಕಿಗ್ಯಾಕ ತಿಳೀಬೇಕು?"

ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟೆ. ಕೊನೆಗೆ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಿದೆ. "ಸಿಟ್ಟಿಲ್ಲಂದ್ರ ಇಷ್ಟು ದಿನ ಒಳಗ ಯಾಕ ಬರ್ಲಿಲ್ಲ?"

ಅಣ್ಣ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ.

"ನೀ ಕರೀಲೇ ಇಲ್ಲಲ್ಲ!"

ಒಳಗೆ ಹುಡುಗಿಯರ ನಗು ಕೇಳಿಸುತ್ತಿತ್ತು. ಬಾಗಿಲು ನನ್ನ ಹಿಂದೆ ಹಾರುಹೊಡೆದಿತ್ತು.

"ಬಾರೋ ಯಣ್ಣಾ" ಅಂದೆ. "ಒಳಗ ಬಾ."

ಅಣ್ಣ ಎದ್ದ. ಸ್ಟೂಲು ಮಡಚಿ ಗೋಡೆಗೆ ಒರಗಿಸಿದ, ಸೀಟಿ ಜೇಬಿನಲ್ಲಿ ಹಾಕಿಕೊಂಡ. ಎರಡನೆಯ ಫರಸಿ, ಒಂದನೆಯ ಫರಸಿ. ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟ.

"ಸಾಬೂನು ಎಲ್ಲದ?" ಅಂದ.

ಸಾಬೂನು ಕೊಟ್ಟೆ. ತಂಬಿಗೆಯಲ್ಲಿ ನೀರು ಹಾಕುತ್ತ ನಿಂತೆ. ಅವನು ಕೈ ಉಜ್ಜುತ್ತ ಎಂದಿನಂತೆ ಗಟ್ಟಿಯಾಗಿ ಎಣಿಸತೊಡಗಿದ. ಇಪ್ಪತ್ತು ಎಣಿಸದೆ ನಮ್ಮಣ್ಣ ಯಾವತ್ತೂ ಕೈ ತೊಳೆದವನಲ್ಲ. ಏಳು, ಎಂಟು, ಒಂಬತ್ತು ಅಂದ. ಹತ್ತು ಬಿಟ್ಟು ಹನ್ನೊಂದು ಅಂದ. ಆಮೇಲೆ ಎಣಿಕೆ ನಿಂತುಹೋಯಿತು. ಅವನು ತಲೆ ಎತ್ತಲಿಲ್ಲ, ನಾನೂ ಮುಂದಿನ ಅಂಕಿ ನೆನಪಿಸಲಿಲ್ಲ. ತಂಬಿಗೆ ಖಾಲಿಯಾಗುವವರೆಗೆ ಅವನ ಎರಡೂ ಕೈಗಳ ಮೇಲೆ ನೀರು ಹಾಕುತ್ತಲೇ ಇದ್ದೆ.